ಎಂಜಿನ್ನಿನೊಳಗಿನ ರಿಕಾರ್ಡೊ

ಅರ್ಥಶಾಸ್ತ್ರ ಓದಿದವರಿಗೆ ರಿಕಾರ್ಡೊ ಎಂದರೆ ಡೇವಿಡ್ ರಿಕಾರ್ಡೊ. ಗೇಣಿಯ ಸಿದ್ಧಾಂತವನ್ನೂ ತುಲನಾತ್ಮಕ ಅನುಕೂಲದ ಸಿದ್ಧಾಂತವನ್ನೂ ಕೊಟ್ಟವರು. ಅವರ ಸೋದರನೊಬ್ಬನ ಪೀಳಿಗೆಯಲ್ಲಿ ಹ್ಯಾರಿ ರಿಕಾರ್ಡೊ ಎಂಬ ಎಂಜಿನಿಯರ್ ಆಗಿಹೋದರೆಂಬುದನ್ನು ಎಂ.ಎ. ತರಗತಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಸರ್ಕಾರಿ ಸೇವೆಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ತಿರುಗುತ್ತಿದ್ದ ವರ್ಷಗಳಲ್ಲಿ ಚಾಲಕರ ಬಾಯಲ್ಲಿ ಹೆಡ್ ಫೇಸಿಂಗ್ ಎಂಬ ಮಾತು ಪದೇ ಪದೇ ಕೇಳಿಬರುತ್ತಿತ್ತು. ಅದರ ಹಿಂದಿನ ತತ್ತ್ವವನ್ನು ಹುಡುಕುತ್ತ ಹೋದಾಗ ಎದುರಾದದ್ದು ಈ ಎರಡನೆಯ ರಿಕಾರ್ಡೊ.

ಚಾರ್ಮಾಡಿ ಘಾಟಿಯನ್ನು ಏರುವಾಗ ನೀರು ಕುದ್ದು, ಸಿಲಿಂಡರ್ ಹೆಡ್ಡಿನ ತಳ ಸೊಟ್ಟಗಾದರೆ ಅದನ್ನು ಮಿಲ್ಲಿಂಗ್ ಯಂತ್ರದಲ್ಲಿ ಕೆರೆದು ಸಮ ಮಾಡುವುದೇ ಹೆಡ್ ಫೇಸಿಂಗ್. ಗಾಡಿ ಚುರುಕಾಗಲೆಂದು ಬೇಕೆಂದೇ ಹೆಚ್ಚು ಕೆರೆಸುವವರೂ ಇದ್ದರು. ಲೆಕ್ಕ ಸರಳ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಸುಮಾರು 372 ಸಿ.ಸಿ. ಮೇಲಿನ ದಹನ ಕೋಣೆ 60 ಸಿ.ಸಿ. ಎಂದಿಟ್ಟುಕೊಂಡರೆ ಸಂಪೀಡನ ಅನುಪಾತ 7.2. ಕೋಣೆಯನ್ನು 55ಕ್ಕೆ ಇಳಿಸಿದರೆ ಅನುಪಾತ 7.8ರ ಸಮೀಪಕ್ಕೆ ಏರುತ್ತದೆ; ಅಷ್ಟೇ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಆದರೆ ಎಲ್ಲಿಯವರೆಗೆ ಕೆರೆಯಬಹುದು? ಹ್ಯಾರಿ ರಿಕಾರ್ಡೊ ತಮ್ಮ ಆಯುಷ್ಯದ ಬಹುಭಾಗವನ್ನು ವ್ಯಯಿಸಿದ್ದು ಈ ಪ್ರಶ್ನೆಗೆ.

ಅವರು ಹುಟ್ಟಿದ್ದು 1885ರ ಜನವರಿ 26ರಂದು, ಲಂಡನ್ನಿನಲ್ಲಿ. ತಂದೆ ಹಾಲ್ಸಿ ವಾಸ್ತುಶಿಲ್ಪಿ. ಕೋಲ್ಕತ್ತಕ್ಕೆ ಹೋದವರೆಲ್ಲ ನೋಡುವ ಹೌರಾ ರೈಲು ನಿಲ್ದಾಣದ ಕಟ್ಟಡ ಅವರ ವಿನ್ಯಾಸ. ತಾಯಿಯ ತಂದೆ ಸರ್ ಅಲೆಕ್ಸಾಂಡರ್ ರೆಂಡೆಲ್ ಭಾರತದ ರೈಲ್ವೆಗಳಿಗೆ ಸಲಹೆ ನೀಡುತ್ತಿದ್ದ ಎಂಜಿನಿಯರ್. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ, 1904ರಲ್ಲಿ, ಒಂದು ಕ್ವಾರ್ಟ್ ಅಂದರೆ ಸುಮಾರು 1.1 ಲೀಟರ್ ಪೆಟ್ರೋಲಿನಲ್ಲಿ ಅತಿ ಹೆಚ್ಚು ದೂರ ಸಾಗುವ ಸ್ಪರ್ಧೆಯನ್ನು ತಾವೇ ರೂಪಿಸಿದ ಮೋಟಾರ್ ಸೈಕಲ್ಲಿನಲ್ಲಿ ಗೆದ್ದರು. ಸಾಗಿದ್ದು 40 ಮೈಲಿ. ಪ್ರಾಧ್ಯಾಪಕ ಬರ್ಟ್ರಂ ಹಾಪ್ಕಿನ್ಸನ್ ಅವರ ಪ್ರೇರಣೆಯಿಂದ ಸಿವಿಲ್ ಎಂಜಿನಿಯರಿಂಗ್ ಬಿಟ್ಟು ಎಂಜಿನ್ ಸಂಶೋಧನೆಗೆ ತಿರುಗಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕುಗಳು ಉಗುಳುತ್ತಿದ್ದ ಹೊಗೆ ಶತ್ರುವಿಗೆ ಅವುಗಳ ಸುಳಿವು ಕೊಡುತ್ತಿದ್ದಾಗ, ಹೊಗೆ ಕಾರದ 150 ಅಶ್ವಶಕ್ತಿಯ ಎಂಜಿನ್ ರೂಪಿಸಿಕೊಟ್ಟವರೂ ಇವರೇ.

ಅನುಪಾತ ಏರಿದಂತೆ ಎಂಜಿನ್ ಕಟಕಟ ಸದ್ದು ಮಾಡುವುದನ್ನು ಹಳೆಯ ಚಾಲಕರೆಲ್ಲ ಬಲ್ಲರು. ಕಿಡಿ ಹೊತ್ತಿಸಿದ ಜ್ವಾಲೆ ತಲಪುವ ಮೊದಲೇ, ಮೂಲೆಯಲ್ಲಿ ಒತ್ತಲ್ಪಟ್ಟು ಕಾದ ಅನಿಲ ತಾನಾಗಿ ಸ್ಫೋಟಿಸುವುದೇ ಅದರ ಕಾರಣವೆಂದು ಮೊದಲಿಗೆ ಗುರುತಿಸಿದವರಲ್ಲಿ ರಿಕಾರ್ಡೊ ಒಬ್ಬರು. 1919ರಲ್ಲಿ ಅವರು ಪೇಟೆಂಟ್ ಮಾಡಿದ ಹೆಡ್ ಇದಕ್ಕೆ ಕೊಟ್ಟ ಉತ್ತರ. ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಬಹುಭಾಗದ ಮೇಲೆ ಹೆಡ್ಡನ್ನು ಬಹುತೇಕ ತಾಗುವಷ್ಟು ತಗ್ಗಿಸಿ, ಉಳಿದ ಜಾಗವನ್ನು ವಾಲ್ವುಗಳ ಮೇಲೆ ಒಟ್ಟುಗೂಡಿಸಿದರು. ಪಿಸ್ಟನ್ ಮೇಲೇರಿದಾಗ ಅನಿಲ ಅತ್ತ ಚಿಮ್ಮಿ ಸುಳಿಗಟ್ಟುತ್ತದೆ, ಬೇಗ ಉರಿಯುತ್ತದೆ. ಇಕ್ಕಟ್ಟಿನಲ್ಲಿ ಉಳಿದ ಅನಿಲ ಲೋಹಕ್ಕೆ ಶಾಖ ಬಿಟ್ಟು ತಣಿಯುತ್ತದೆ. ಹಾಗಾಗಿ ಅನುಪಾತವನ್ನು ಹೆಚ್ಚಿಸಿಯೂ ಸದ್ದನ್ನು ದೂರವಿಡಲು ಸಾಧ್ಯವಾಯಿತು. ಎಷ್ಟು ಲೋಹ ತೆಗೆದೆವು ಎನ್ನುವುದಕ್ಕಿಂತ ಉಳಿದ ಜಾಗದ ಆಕಾರ ಎಂಥದು ಎಂಬುದೇ ಮುಖ್ಯವೆಂದು ಸಾಬೀತಾಯಿತು. ಅಗ್ಗದ ಕಾರುಗಳ ಮಟ್ಟಿಗೆ ಇದೊಂದು ವರದಾನ.

ಎರಡನೆಯ ಅಂಶ ಇಂಧನ. ಓಡುತ್ತಿರುವಾಗಲೇ ಅನುಪಾತ ಬದಲಿಸಬಹುದಾದ ಇ-35 ಎಂಬ ಎಂಜಿನ್ ಕಟ್ಟಿ, ಪ್ರತಿಯೊಂದು ಇಂಧನವೂ ಯಾವ ಅನುಪಾತದವರೆಗೆ ತಾಳಿಕೊಳ್ಳುತ್ತದೆಂದು ಅಳೆದರು. ಆಲ್ಕೋಹಾಲ್ ಮಿಶ್ರಣಗಳು ಬಹಳ ಎತ್ತರದವರೆಗೆ ತಾಳುತ್ತವೆಂಬುದು ಆಗಲೇ ಕಂಡಿತ್ತು. ಆದರೆ 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದರು. ಜಗತ್ತು ಆ ಅಗ್ಗದ ಹಾದಿ ಹಿಡಿಯಿತು. ಆ ಸೀಸ ಭಾರತದ ಬಂಕುಗಳಿಂದ ತೊಲಗಿದ್ದು 2000ದಲ್ಲಿ, ಇಡೀ ಜಗತ್ತಿನ ರಸ್ತೆಗಳಿಂದ 2021ರಲ್ಲಿ. ಅಷ್ಟರಲ್ಲಿ ಎಷ್ಟು ಮಕ್ಕಳ ರಕ್ತಕ್ಕೆ ಅದು ಸೇರಿತ್ತೋ!

ರಿಕಾರ್ಡೊ 1929ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು, 1948ರಲ್ಲಿ ಸರ್ ಆದರು, 1974ರ ಮೇ 18ರಂದು 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಅಳೆದಿಟ್ಟ ವಿಷಯ ಈಗ ನಮ್ಮ ಮನೆಬಾಗಿಲಿಗೆ ಬಂದಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ದೇಶದಾದ್ಯಂತ ಬಳಕೆಯಲ್ಲಿದೆ. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಆದರೆ ಹೆಚ್ಚಿನ ಸಂಪೀಡನವನ್ನು ಅದು ತಾಳಬಲ್ಲದು. ಹೊಸ ಎಂಜಿನ್ನುಗಳ ಅನುಪಾತವನ್ನು ಏರಿಸಿದರೆ ಕಳೆದುಕೊಂಡದ್ದರಲ್ಲಿ ಒಂದು ಪಾಲನ್ನು ಮರಳಿ ಪಡೆಯಬಹುದು. ಹಳೆಯ ಕಾರಿನ ಹೆಡ್ಡನ್ನು ಇದಕ್ಕಾಗಿ ಕೆರೆಸುವುದು ನನಗೆ ಒಪ್ಪಿಗೆಯಿಲ್ಲ. ಇಂಧನ ನಾಳೆ ಬದಲಾದರೆ ತೆಗೆದ ಲೋಹವನ್ನು ಮತ್ತೆ ಕೂಡಿಸಲಾಗದು. ಹೀಗಿರುವಾಗ ಮೈಲೇಜಿನ ನಷ್ಟವೆಲ್ಲ ಹಳೆಯ ಗಾಡಿಯ ಮಾಲೀಕನ ತಲೆಗೇ ಬರುತ್ತದೆ. ಬಂಕಿನ ದರಪಟ್ಟಿಯಲ್ಲಿ ಮಾತ್ರ ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.