ಕಂದು ಹಲ್ಲಿನ ಗುಟ್ಟು ಬಿಡಿಸಿದ ಡಾ. ಮೆಕೇ



ನೀವು ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರಾದರೆ ಕಾವೇರಿಯೂ ನಾಲೆಗಳೂ ನಿಮಗೆ ಚೆನ್ನಾಗಿ ಗೊತ್ತು. ಕೆ.ಆರ್. ಪೇಟೆಯವರಿಗೆ ಹೇಮಾವತಿ ಗೊತ್ತು. ನಾಗಮಂಗಲದ ಹಳ್ಳಿಗಳಿಗೆ ಮಾತ್ರ ಬಹುಕಾಲ ಕೆರೆ ಮತ್ತು ಕೊಳವೆ ಬಾವಿಗಳೇ ಆಸರೆ. ನೀವು ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬುದಕ್ಕೂ ನಿಮ್ಮ ಹಲ್ಲಿನ ಬಣ್ಣಕ್ಕೂ ಸಂಬಂಧವಿದೆ ಎಂದರೆ ನಂಬುತ್ತೀರಾ?

ಕೆಲವು ಊರುಗಳ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಹಚ್ಚಿದಂತೆ ಬಿಳಿ ಮಚ್ಚೆಗಳು, ಹಳದಿ ಅಥವಾ ಕಂದು ಗೆರೆಗಳು ಕಾಣುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಗೆಳೆಯರು ನಗುತ್ತಾರೆ. ಆ ಮಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತನಾಡುತ್ತದೆ. ಆದರೆ ಇಂತಹ ಕಲೆಗೆ ಮಗುವಿನ ತಪ್ಪು ಕಾರಣವಲ್ಲ. ಇದನ್ನು ತಿಳಿಯಲು ಸುಮಾರು ಮೂವತ್ತು ವರ್ಷ ಹುಡುಕಾಡಿದವರು ಅಮೆರಿಕದ ದಂತವೈದ್ಯ ಫ್ರೆಡರಿಕ್ ಮೆಕೇ.

ಕಂದು ಹಲ್ಲಿನ ಊರು

ಮೆಕೇ ಹುಟ್ಟಿದ್ದು 1874ರಲ್ಲಿ. 1900ರಲ್ಲಿ ದಂತವೈದ್ಯಕೀಯ ಓದು ಮುಗಿಸಿ, ಮರುವರ್ಷ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದರು. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲು ಕಂದು ಬಣ್ಣಕ್ಕೆ ತಿರುಗಿತ್ತು. ಕೆಲವರ ಹಲ್ಲಂತೂ ಚಾಕಲೇಟ್ ಬಣ್ಣದ್ದಾಗಿತ್ತು. ಮೆಕೇ ತಮ್ಮ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರು. ಯಾವ ಪುಸ್ತಕದಲ್ಲೂ ಇದರ ಸುದ್ದಿಯೇ ಇರಲಿಲ್ಲ. ಊರಿನವರು ಹಂದಿ ಮಾಂಸ ಜಾಸ್ತಿ ತಿಂದದ್ದರಿಂದ, ಕೆಟ್ಟ ಹಾಲು ಕುಡಿದದ್ದರಿಂದ ಹೀಗಾಯಿತು ಎಂದೆಲ್ಲ ಹೇಳುತ್ತಿದ್ದರು.

ಬೇರೆ ವೈದ್ಯರು ಇದನ್ನು ಗಮನಿಸಲಿಲ್ಲ. ಮೆಕೇ ಬಿಡಲಿಲ್ಲ. 1909ರಲ್ಲಿ ಹೆಸರಾಂತ ದಂತ ವಿಜ್ಞಾನಿ ಜಿ.ವಿ. ಬ್ಲ್ಯಾಕ್ ಅವರ ಜೊತೆಗೂಡಿದರು. ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿದಾಗ, ಆ ಊರಿನಲ್ಲೇ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 87ಕ್ಕೂ ಹೆಚ್ಚು ಮಂದಿಗೆ ಕಲೆಗಳಿದ್ದವು.

ಇನ್ನೊಂದು ವಿಷಯವೂ ತಿಳಿಯಿತು. ದೊಡ್ಡವರಾದ ಮೇಲೆ ಆ ಊರಿಗೆ ಬಂದವರ ಹಲ್ಲಿಗೆ ಕಲೆ ಬರುತ್ತಿರಲಿಲ್ಲ. ಅಂದರೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಏನೋ ಆಗುತ್ತಿತ್ತು. ಮತ್ತೊಂದು ಅಚ್ಚರಿಯೆಂದರೆ, ಕಲೆಯಿದ್ದ ಹಲ್ಲುಗಳು ಹುಳುಕಾಗುವುದು ಕಡಿಮೆ!

ನೀರಿನ ಮೇಲೆ ಅನುಮಾನ

1915ರಲ್ಲಿ ಬ್ಲ್ಯಾಕ್ ತೀರಿಕೊಂಡರು. ಮೆಕೇ ಹುಡುಕಾಟ ಮುಂದುವರಿಸಿದರು. 1923ರಲ್ಲಿ ಓಕ್ಲಿ ಎಂಬ ಊರಿಗೆ ಹೋಗಿ, ತಮ್ಮ ಮಕ್ಕಳ ಹಲ್ಲಿನ ಮೇಲೆ ಕಲೆಗಳನ್ನು ಕಂಡಿದ್ದ ಹೆತ್ತವರನ್ನು ಭೇಟಿಯಾದರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಹೊಸದಾಗಿ ಪೈಪು ಹಾಕಿದ ಮೇಲೆ ಕಲೆಗಳು ಶುರುವಾಗಿದ್ದವು. ಮೆಕೇ ನೀರನ್ನು ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ಆದರೂ ಆ ನೀರು ಬಿಟ್ಟು ಬೇರೆ ಬುಗ್ಗೆಯ ನೀರು ಕುಡಿಯಿರಿ ಎಂದು ಸಲಹೆ ಕೊಟ್ಟರು. ಊರಿನವರು ಹಾಗೆಯೇ ಮಾಡಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲುಗಳು ಸ್ವಚ್ಛವಾಗಿದ್ದವು! ಕಾರಣ ನೀರಿನಲ್ಲೇ ಇದೆ ಎಂಬುದು ಖಚಿತವಾಯಿತು. ಆದರೆ ನೀರಿನಲ್ಲಿ ಇರುವುದಾದರೂ ಏನು?

ಉತ್ತರ ಸಿಕ್ಕಿದ್ದು 1931ರಲ್ಲಿ. ಬಾಕ್ಸೈಟ್ ಎಂಬ ಊರಿನಲ್ಲೂ ಮಕ್ಕಳ ಹಲ್ಲು ಕಂದಾಗಿತ್ತು. ಅಲ್ಲಿನ ನೀರನ್ನು ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಚರ್ಚಿಲ್ ಹೊಸ ವಿಧಾನದಿಂದ ಪರೀಕ್ಷಿಸಿದರು. ಒಂದು ಲೀಟರ್ ನೀರಿನಲ್ಲಿ 13.7 ಮಿಲಿಗ್ರಾಂ ಫ್ಲೋರೈಡ್ ಇತ್ತು. ಮೆಕೇ ಬೇರೆ ಊರುಗಳ ನೀರನ್ನೂ ಕಳಿಸಿಕೊಟ್ಟರು. ಕಂದು ಹಲ್ಲಿನ ಊರುಗಳ ನೀರಿನಲ್ಲೆಲ್ಲ ಫ್ಲೋರೈಡ್ ಹೆಚ್ಚಾಗಿತ್ತು. ಈ ತೊಂದರೆಗೆ ಈಗ ದಂತ ಫ್ಲೋರೋಸಿಸ್ ಎಂದು ಹೆಸರು.

ಮುಂದೆ ಡೀನ್ ಎಂಬ ವಿಜ್ಞಾನಿ ಎಷ್ಟು ಫ್ಲೋರೈಡ್ ಒಳ್ಳೆಯದು, ಎಷ್ಟು ಕೆಟ್ಟದ್ದು ಎಂದು ಅಳೆದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಹಲ್ಲು ಹುಳುಕಾಗುವುದು ಕಡಿಮೆ, ಎದ್ದು ಕಾಣುವ ಕಲೆಯೂ ಇಲ್ಲ. ಇಂದು ಅನೇಕ ಟೂತ್‌ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇರುವುದು ಈ ಸಂಶೋಧನೆಯ ಫಲ. ಮೆಕೇ 1959ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಪ್ರಶ್ನೆ ಲೋಕದ ಪ್ರಶ್ನೆಯಾಗಿತ್ತು.

ನಮ್ಮೂರಿನ ನೀರು

ಫ್ಲೋರೈಡ್ ನೀರಿಗೆ ಬರುವುದು ಹೇಗೆ? ಕೆಲವು ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಭೂಮಿಯ ಆಳದಲ್ಲಿ ನೀರು ಬಹುಕಾಲ ಈ ಬಂಡೆಗಳ ಸಂದಿಯಲ್ಲಿ ನಿಂತಾಗ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಇದು ಕಡಿಮೆ. ನಾಗಮಂಗಲ ತಾಲ್ಲೂಕಿನ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ನಮ್ಮ ದೇಶದಲ್ಲಿ ಈ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಸಿಗದೇ ಇದ್ದಾಗ 1.5 ಮಿಲಿಗ್ರಾಂವರೆಗೆ ಇರಬಹುದು. ಹೆಚ್ಚು ಫ್ಲೋರೈಡ್ ಇರುವ ನೀರನ್ನು ಬಹಳ ವರ್ಷ ಕುಡಿದರೆ ಮೂಳೆ, ಕೀಲುಗಳಿಗೂ ತೊಂದರೆ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ಪರೀಕ್ಷೆಯಿಂದಲೇ ತಿಳಿಯಬೇಕು. ನಿಮ್ಮ ಊರಿನ ಕುಡಿಯುವ ನೀರಿನ ಪರೀಕ್ಷೆ ಆಗಿದೆಯೇ? ಶಿಕ್ಷಕರ ಜೊತೆ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೋ ಹೊಳೆಯಿಂದ ಬರುವ ಶುದ್ಧೀಕರಿಸಿದ ನೀರನ್ನೋ ಬಳಸಬೇಕು. ಮನೆಯಲ್ಲಿ ಪುಟ್ಟ ತಮ್ಮ, ತಂಗಿ ಇದ್ದರೆ ಇದು ಇನ್ನೂ ಮುಖ್ಯ. ಅವರ ಹಲ್ಲುಗಳು ಈಗಷ್ಟೇ ಒಸಡಿನೊಳಗೆ ರೂಪುಗೊಳ್ಳುತ್ತಿವೆ.

ಕಲೆಗಳೆಲ್ಲ ಫ್ಲೋರೋಸಿಸ್ ಅಲ್ಲ. ದಂತವೈದ್ಯರು ನೋಡಿ ಹೇಳಬೇಕು. ದಿನವೂ ಹಲ್ಲುಜ್ಜುವುದನ್ನಂತೂ ಬಿಡಬೇಡಿ. ಇನ್ನು ಮುಂದೆ ನಿಮ್ಮ ತರಗತಿಯಲ್ಲಿ ಕಂದು ಹಲ್ಲಿನ ಗೆಳೆಯರಿದ್ದರೆ ನಗಬೇಡಿ. ಮೆಕೇಯವರಂತೆ ಕಾರಣವೇನು ಎಂದು ಕೇಳಿ. ಕೇಳುವುದರಿಂದಲೇ ವಿಜ್ಞಾನ ಶುರುವಾಗುತ್ತದೆ, ಅಲ್ಲವೇ?