ಸಾಮಾಜಿ ದಿವೇಕರನ ಹರಕೆ

ಚನ್ನಪಟ್ಟಣದ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ. ಒಂದು ಟಿಪ್ಪು ಸುಲ್ತಾನನು ತನ್ನ ಧರ್ಮಗುರು ಅಕೀಲ್ ಷಾ ಖಾದ್ರಿಯವರ ನೆನಪಿಗೆ ಕಟ್ಟಿಸಿದ್ದು. ಇನ್ನೊಂದು ಬೆಂಗಳೂರಿನ ದಂಡಿನ ಅಧಿಕಾರಿಯಾಗಿದ್ದ ಸೈಯದ್ ಇಬ್ರಾಹಿಮನದು. ಹೈದರನೂ ಟಿಪ್ಪುವೂ ಸೆರೆಹಿಡಿದ ಶತ್ರುಸೈನಿಕರನ್ನು ದಯೆಯಿಂದ ನಡೆಸಿಕೊಂಡವನೆಂದು ಮೈಸೂರಿನ ಹಳೆಯ ಗೆಜೆಟಿಯರು ಅವನನ್ನು ಸ್ಮರಿಸುತ್ತದೆ. ಕೋಟೆ ಗೆದ್ದವರ ಗೋರಿಗಳನ್ನು ನಾನು ಹಲವು ಕಡೆ ಕಂಡಿದ್ದೇನೆ. ಸೆರೆಯಾಳುಗಳಿಗೆ ಕರುಣೆ ತೋರಿದನೆಂದು ಹೆಸರುಳಿದವನ ಗೋರಿ ನಾನು ಕಂಡದ್ದು ಇದೊಂದೇ.

ಈ ಸೀಮೆಯ ಬಂಡೆಗಳೆಲ್ಲ ಆ ಯುದ್ಧಗಳ ಸಾಕ್ಷಿಗಳು. ಮಾಗಡಿಯ ಸಾವನದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ವಶಪಡಿಸಿಕೊಂಡಿತು. ಕನಕಪುರದ ಕಡೆಯ ಕಬ್ಬಾಳದುರ್ಗ ಸೆರೆಮನೆಯಾಗಿ ಅಪಕೀರ್ತಿ ಹೊತ್ತಿತು. ರಾಮನಗರವು ಇಂಗ್ಲಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರು ತಳೆದು ಬಹುಕಾಲ ಕ್ಲೋಸ್‌ಪೇಟೆಯೆನಿಸಿತು. ಗೆದ್ದವರ ಹೆಸರುಗಳನ್ನು ಶಾಲೆಯಲ್ಲಿ ನಾವು ಉರುಹೊಡೆದೆವು. ಸಂಕೋಲೆ ತೊಟ್ಟು ಬಂದವರ ಹೆಸರುಗಳನ್ನು ಯಾರೂ ಕಲಿಸಲಿಲ್ಲ. ಅಂಥ ಒಬ್ಬನ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಅವನು ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ. ಮನೆಮಾತು ಮರಾಠಿಯಾದ್ದರಿಂದ ಜನರ ಬಾಯಲ್ಲಿ ಸಾಮಾಜಿ ಹಸಾಜಿ. ಕೊಂಕಣ ತೀರದ ಬೆನೆ ಇಸ್ರೇಲ್ ಎಂಬ ಯೆಹೂದಿ ಪಂಗಡದವನು. ಹಡಗೊಡೆದು ತಮ್ಮ ಪೂರ್ವಿಕರು ಅಲಿಬಾಗಿನ ಬಳಿಯ ನವಗಾಂವ್ ದಡ ಸೇರಿದರೆಂಬುದು ಅವರ ಐತಿಹ್ಯ. ಅವರ ಕುಲವೃತ್ತಿ ಗಾಣವಾಡಿಸುವುದು. ಶನಿವಾರ ಗಾಣ ಹೂಡದಿದ್ದುದರಿಂದ ನೆರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಅನ್ಯರ ಕಣ್ಣಿಗೆ ಅವರ ಧರ್ಮವೆಲ್ಲ ಆ ಒಂದು ದಿನದ ಬಿಡುವಿನಲ್ಲಿ ಅಡಗಿತ್ತು.

ಹದಿನೆಂಟನೆಯ ಶತಮಾನದಲ್ಲಿ ಈ ಗಾಣಿಗರ ಮಕ್ಕಳು ಬೊಂಬಾಯಿಗೆ ಬಂದು ಕಂಪನಿಯ ಸೈನ್ಯ ಸೇರತೊಡಗಿದರು. ಬೊಂಬಾಯಿಯ ಪಲ್ಟಣಗಳಲ್ಲಿ ಮರಾಠ, ಮಹಾರ, ಮುಸಲ್ಮಾನ, ಯೆಹೂದಿಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಸಾಮಾಜಿ ಆ ಸಾಲಿನಿಂದ ಮೇಲೇರಿ ದೇಶೀ ಕಮಾಂಡೆಂಟನ ಪದವಿ ಪಡೆದನು. ಆದರೆ ಹಿಂದೂಸ್ಥಾನದ ಸಿಪಾಯಿ ಎಷ್ಟು ಮೇಲೇರಿದರೂ ಐರೋಪ್ಯ ಅಧಿಕಾರಿಯ ಕೈಕೆಳಗೇ ಇರಬೇಕಾಗಿತ್ತು.

1780ರಲ್ಲಿ ಮೈಸೂರಿನ ಎರಡನೆಯ ಯುದ್ಧ ಮೊದಲಾಯಿತು. ಆ ಯುದ್ಧದಲ್ಲಿ ಸಾಮಾಜಿ ಸೆರೆಸಿಕ್ಕನು. ಮುಂದಿನದನ್ನು ಅವನ ಸಮಾಜದವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಮರಣದಂಡನೆ ಎದುರಿಗಿದ್ದಾಗ ಅವನ ಜಾತಿ ಯಾವುದೆಂದು ಕೇಳಲಾಯಿತಂತೆ. ಅವನು ಬೆನೆ ಇಸ್ರೇಲ್ ಎಂದನಂತೆ. ಟಿಪ್ಪುವಿನ ತಾಯಿ ಅದನ್ನು ಕೇಳಿ, ಕುರಾನಿನಲ್ಲಿ ಬನೀ ಇಸ್ರಾಯೀಲ್ ಎಂದು ಹೆಸರಿಸಿರುವ ಜನ ಇವರೇ, ಇವರನ್ನು ಕೊಲ್ಲಬಾರದೆಂದು ಮಗನನ್ನು ತಡೆದಳಂತೆ. ಸೆರೆಯಲ್ಲಿದ್ದಾಗ ಅವನು ಒಂದು ಹರಕೆ ಹೊತ್ತನು: ಬದುಕಿ ಬೊಂಬಾಯಿ ಸೇರಿದರೆ ತನ್ನವರಿಗೊಂದು ಪ್ರಾರ್ಥನಾಮಂದಿರ ಕಟ್ಟಿಸುವುದು.

ಅವನು ಮಾತು ಉಳಿಸಿಕೊಂಡನು. 1796ರಲ್ಲಿ ಬೊಂಬಾಯಿಯ ಮಾಂಡವಿಯಲ್ಲಿ ಆ ನಗರದ ಮೊದಲ ಸಿನಗಾಗ್ ಎದ್ದಿತು. ಮಂದಿರವೇನೋ ಸಿದ್ಧವಾಯಿತು, ಅದರಲ್ಲಿಡಲು ತೋರಾ ಗ್ರಂಥದ ಸುರುಳಿಗಳು ಬೇಕಿದ್ದವು. ಅವುಗಳಿಗಾಗಿ ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಹೆಸರು ಸ್ಯಾಮುಯೆಲ್ ಬೀದಿಯಲ್ಲಿ ಉಳಿದಿದೆ. 1860ರಲ್ಲಿ ಈಗಿನ ಜಾಗಕ್ಕೆ ಬಂದ ಮಂದಿರದ ಹೆಸರು ಶಾರ್ ಹರಹಮೀಮ್; ಅಂದರೆ ಕರುಣೆಯ ಬಾಗಿಲು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲವೋ ಏನೋ. ಸಾಮಾಜಿಯ ತರುವಾಯ ಅವನ ಜನ ಮೂರು ನಾಲ್ಕು ತಲೆಮಾರು ಆ ಸೈನ್ಯದಲ್ಲಿ ದುಡಿದರು. ತಮ್ಮ ಅಲ್ಪಸಂಖ್ಯೆಗೆ ಮೀರಿದಷ್ಟು ಸುಬೇದಾರರನ್ನು ಕೊಟ್ಟರು. 1890ರ ದಶಕದಲ್ಲಿ ಸರ್ಕಾರವು ಬೊಂಬಾಯಿ ಸೈನ್ಯವನ್ನು ಜಾತಿವಾರು ತುಕಡಿಗಳಾಗಿ ವಿಂಗಡಿಸಿತು. ಯಾವ ಕುಲದವರು ಹುಟ್ಟುಯೋಧರು, ಯಾವ ಕುಲದವರು ಅಲ್ಲವೆಂದು ಅಳೆಯುವ ಶಾಸ್ತ್ರವೊಂದು ಆಗ ಪ್ರಬಲವಾಗಿತ್ತು. ಒಂದು ತುಕಡಿ ತುಂಬುವಷ್ಟು ಸಂಖ್ಯೆಯಿಲ್ಲದ ಬೆನೆ ಇಸ್ರೇಲರಿಗೆ ಬಡ್ತಿಯ ದಾರಿ ಮುಚ್ಚಿತು. ಅವರು ಕತ್ತಿ ಬಿಟ್ಟು ಲೇಖಣಿ ಹಿಡಿದರು. ಅದೇ ಕಾಲದಲ್ಲಿ ಮಹಾರರಿಗೂ ಸೈನ್ಯದ ಬಾಗಿಲು ಮುಚ್ಚಿತು. ಅಂಬೇಡ್ಕರರ ತಂದೆ ರಾಮಜಿ ಸುಬೇದಾರರು ಸೇವೆ ಮಾಡಿದ್ದ ಸೈನ್ಯ ಅದು.

ಐರೋಪ್ಯ ದೇಶಗಳಲ್ಲಿ ಇದರ ರೂಪ ಇನ್ನೂ ಕ್ರೂರವಾಗಿತ್ತು. 1894ರಲ್ಲಿ ಫ್ರಾನ್ಸಿನ ಯೆಹೂದಿ ಕ್ಯಾಪ್ಟನ್ ಡ್ರೇಫಸನನ್ನು ಮಾಡದ ದ್ರೋಹಕ್ಕೆ ಶಿಕ್ಷಿಸಿದರು. ಅವನ ಕಳಂಕ ಕಳೆಯಲು 1906 ಬರಬೇಕಾಯಿತು. 1916ರಲ್ಲಿ ಜರ್ಮನ್ ಸೈನ್ಯವು ಯೆಹೂದಿಗಳು ರಣರಂಗದಿಂದ ನುಣುಚಿಕೊಳ್ಳುತ್ತಾರೆಂಬ ಗುಮಾನಿಯಿಂದ ಅವರ ತಲೆಯೆಣಿಸಿತು. ಎಣಿಕೆಯ ಫಲವನ್ನು ಯುದ್ಧ ಮುಗಿಯುವವರೆಗೂ ಹೊರಗೆಡಹಲಿಲ್ಲ. ಎಣಿಸಿಕೊಂಡವರು ಆಗ ಕಂದಕಗಳಲ್ಲಿ ಸಾಯುತ್ತಿದ್ದರು.

ನಿನ್ನ ಜಾತಿ ಯಾವುದೆಂಬ ಪ್ರಶ್ನೆ ಸಾಮಾಜಿಯ ಪ್ರಾಣ ಉಳಿಸಿತೆಂದು ಐತಿಹ್ಯ ಹೇಳುತ್ತದೆ. ಅದೇ ಪ್ರಶ್ನೆ ನೂರು ವರ್ಷದ ಮೇಲೆ ಅವನ ಮೊಮ್ಮಕ್ಕಳ ಪೀಳಿಗೆಯನ್ನು ಅವನದೇ ಸೈನ್ಯದಿಂದ ಹೊರಗಿಟ್ಟಿತು. ಶತ್ರುವಿನ ಮನೆಯಲ್ಲಿ ದೊರೆತದ್ದು ಸ್ವಂತ ಪಾಳೆಯದಲ್ಲಿ ದೊರೆಯಲಿಲ್ಲ. ಆದರೂ ಆ ಉತ್ತರದಿಂದ ಅವನು ಉಳಿದನೆಂದು ಸಂತೋಷಪಡುವಾಗ ನನಗೊಂದು ಅಳುಕು ಹುಟ್ಟುತ್ತದೆ. ಪಕ್ಕದಲ್ಲಿ ನಿಂತ ಸೆರೆಯಾಳು ಬೇರೆ ಹೆಸರು ಹೇಳಿದ್ದರೆ ಅವನ ಗತಿಯೇನು?

ಸೈಯದ್ ಇಬ್ರಾಹಿಮನ ಗೋರಿಯ ಮುಂದೆ ಈ ಅಳುಕು ಕೊಂಚ ತಣಿಯುತ್ತದೆ. ಸೆರೆಯಾಳುಗಳ ಕುಲ ನೋಡಿ ದಯೆ ಹಂಚಿದನೆಂದು ಅವನ ಬಗೆಗೆ ಯಾರೂ ಬರೆದಿಲ್ಲ. ಸೆರೆಯಾಳುಗಳಿಗೆ ದಯೆ ತೋರಿದನೆಂದಷ್ಟೇ ಬರೆದಿದ್ದಾರೆ.