ಉಸಿರು ಕಟ್ಟಿದರೂ: ಸ್ನೇಹಲತಾ ರೆಡ್ಡಿ

‘ಸಂಸ್ಕಾರ’ (1970) ಚಿತ್ರದ ಚಂದ್ರಿಯಾಗಿ ಕನ್ನಡಿಗರು ಬಲ್ಲ ಸ್ನೇಹಲತಾ ರೆಡ್ಡಿ ಹುಟ್ಟಿದ್ದು 1932ರಲ್ಲಿ. ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಪತಿ. ಇಬ್ಬರೂ ಲೋಹಿಯಾ ವಿಚಾರದವರು, ಜಾರ್ಜ್ ಫರ್ನಾಂಡಿಸರ ಸ್ನೇಹಿತರು; 1975ರ ತುರ್ತು ಪರಿಸ್ಥಿತಿಯನ್ನು ವಿರೋಧಿಸಿದರು. 1976ರ ಮೇ 2ರಂದು ಸ್ನೇಹಲತಾ ಅವರ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯ್ದೆಯಡಿ, ವಿಚಾರಣೆಯಿಲ್ಲದೆ, 8 ತಿಂಗಳು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಇಟ್ಟರು.

ಅವರಿಗೆ ಆಸ್ತಮಾ ಇತ್ತು. ಬೋಧನಾ ಅಭ್ಯಾಸದಲ್ಲಿ ಉಸಿರಾಟದ ಪಾಠ ಮಾಡುವಾಗ ನಾನು ಇವರ ಕಥೆ ಹೇಳಿದ್ದು ಅದಕ್ಕೇ. ತಿಪಟೂರಿನ ಮಕ್ಕಳು ತೆಂಗಿನ ನಾರಿನ ದೂಳು ಕಂಡವರು. ಉಬ್ಬಸ ಬಂದಾಗ ಶ್ವಾಸನಾಳಗಳು ಕಿರಿದಾಗುತ್ತವೆ ಎಂದರೆ ಬೇಗ ಹಿಡಿಯುತ್ತಾರೆ. ತಪ್ಪು ಮಾಡದವರನ್ನು ಯಾಕೆ ಬಿಡಲಿಲ್ಲ ಮಿಸ್ ಎಂದು ಒಬ್ಬಳು ಕೇಳಿದಳು. ಸರ್ಕಾರವನ್ನು ಪ್ರಶ್ನಿಸಿದ್ದಕ್ಕೆ ಎಂದೆ. ಪಾಠಯೋಜನೆಯಲ್ಲಿ ಇದು ಇರಲಿಲ್ಲ, ಇರಬೇಕಿತ್ತು ಅನ್ನಿಸುತ್ತದೆ.

ಜೈಲಿನಲ್ಲಿ ಉಬ್ಬಸ ಉಲ್ಬಣಿಸಿ ಪ್ರಜ್ಞೆ ತಪ್ಪುವಷ್ಟಾದರೂ ಅವರು ದಿನಚರಿ ಬರೆದರು. ಹೆಣ್ಣು ಕೈದಿಗಳನ್ನು ಹೊಡೆಯುವುದನ್ನು ಪ್ರತಿಭಟಿಸಿದರು. ಚಂದ್ರಿಯ ಪಾತ್ರಕ್ಕಿಂತ ನನಗೆ ಇದೇ ದೊಡ್ಡದು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಬಿಟ್ಟರು. 20ರಂದು ತೀರಿಕೊಂಡರು. ತುರ್ತು ಪರಿಸ್ಥಿತಿ ಮುಗಿದದ್ದು ಮಾರ್ಚ್ 21ಕ್ಕೆ.